ಕಾಕಾ ಕೊಟ್ಟ ನಾಲ್ಕು ಗಾಲಿ

ಎಡಗಡೆಯ ಹಿಂದಿನ ಟೈರಿನ ಹೊರ ಅಂಚಿನಲ್ಲಿ ಒಂದು ಬೆರಳಿನಷ್ಟು ಅಗಲದ ಪಟ್ಟಿ ಹೊಳೆಯುತ್ತಿತ್ತು. ಉಳಿದ ರಬ್ಬರೆಲ್ಲ ಮಂಕು ಕಪ್ಪು. ಆ ಪಟ್ಟಿ ಮಾತ್ರ ಪಾಲಿಶ್ ಮಾಡಿದ ಬೂಟಿನ ಹಾಗೆ ನುಣುಪಾಗಿತ್ತು. ಒದ್ದೆ ಅರಿವೆಯಿಂದ ಎರಡು ಸಲ ಒರೆಸಿದೆ. ಹೋಗಲಿಲ್ಲ. ಬೆರಳಿಟ್ಟು ನೋಡಿದ ಮೇಲೆ ಅದು ಕೊಳೆಯಲ್ಲ, ಸವೆತ ಎಂದು ತಿಳಿಯಿತು.

ಅದು ಕಳೆದ ವರ್ಷದ ಖಂಡೇನವಮಿಯ ಬೆಳಿಗ್ಗೆ. ಆಯುಧಪೂಜೆಗೆಂದು ಕಾರು ತೊಳೆಯುತ್ತಿದ್ದೆ. ಮರುದಿನ ನಡೆದದ್ದನ್ನು ನಾನು ಈವರೆಗೆ ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಗೊತ್ತಿದ್ದೂ ಯಾಕೆ ಓಡಿಸಿದಿರಿ? ಅದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ಮನೆಯ ಕಥೆಯನ್ನೇ ಹೇಳಬೇಕಾಗುತ್ತದೆ.

ನಮ್ಮ ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಅಪ್ಪ, ಅವ್ವ, ನಾನು ಮೂವರೇ. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ದಿನಾ ಹೋಗಿ ಬರುವುದು ನಮ್ಮ ಹಳೆಯ ಸಣ್ಣ ಕಾರಿನಲ್ಲಿ. ಕಾಗದದಲ್ಲಿ ಅದು ಅಪ್ಪನ ಹೆಸರಿನಲ್ಲಿದೆ. ಆದರೆ ಅವರ ಕಣ್ಣಿನ ಆಪರೇಶನ್ ಆದಾಗಿನಿಂದ ಓಡಿಸುವವಳು, ಸರ್ವಿಸ್ ಮಾಡಿಸುವವಳು, ಗಾಳಿ ಹಾಕಿಸುವವಳು ಎಲ್ಲ ನಾನೇ.

ಕಾಕಾ ಎಂದರೆ ಅಪ್ಪನ ಖಾಸಾ ತಮ್ಮ. ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ನಮ್ಮ ಅಜ್ಜ ಹಾಕಿದ ಕಾಳಿನ ದಲಾಲಿ ಅಂಗಡಿಯನ್ನು ಈಗ ನಡೆಸುವವರು ಅವರು. ಅಪ್ಪ ಮೊದಲಿನಿಂದ ಸರಕಾರಿ ನೌಕರಿಯಲ್ಲಿದ್ದವರು. ಆದರೂ ಅಂಗಡಿಯ ದೀಪಾವಳಿ ಪೂಜೆ ಮಾತ್ರ ಪ್ರತಿ ವರ್ಷ ಅಪ್ಪನ ಕೈಯಿಂದಲೇ ಆಗುತ್ತಿತ್ತು, ಹಿರಿಯ ಮಗನೆಂದು. ಐದು ವರ್ಷಗಳ ಹಿಂದಿನ ದೀಪಾವಳಿಗೆ ಅಪ್ಪ ಅಲ್ಲಿಗೆ ಮುಟ್ಟುವುದು ಅರ್ಧ ತಾಸು ತಡವಾಯಿತು. ಅಷ್ಟರಲ್ಲಿ ಕಾಕಾ ತಾವೇ ಪೂಜೆ ಮುಗಿಸಿ ಮಂದಿಗೆ ಪ್ರಸಾದ ಹಂಚುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಚಪ್ಪಲಿ ಕೂಡ ಬಿಡದೆ ತಿರುಗಿ ಬಂದರು. ಜಗಳವಿಲ್ಲ, ಒಂದು ಮಾತಿಲ್ಲ. ನಾಲ್ಕು ವರ್ಷ ಅಣ್ಣತಮ್ಮಂದಿರು ಮಾತು ಬಿಟ್ಟರು. ಅಪ್ಪ ಆ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಆದರೆ ದೀಪಾವಳಿಯ ಸಂಜೆ ಬೇಗ ಊಟ ಮಾಡಿ ಮಲಗಿಬಿಡುತ್ತಿದ್ದರು.

ಕಳೆದ ವರ್ಷ ಶ್ರಾವಣದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂಡಬೇಕಾಗಿ ಬಂತು. ಕಾಕಾ ಅಪ್ಪನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಅಪ್ಪ ಬೇಡ ಅನ್ನಲಿಲ್ಲ. ಅಲ್ಲಿಂದ ಕಾಕಾ ವಾರಕ್ಕೊಮ್ಮೆ ನಮ್ಮ ಮನೆಗೆ ಬರಲು ಶುರು ಮಾಡಿದರು. ಬಂದಾಗಲೆಲ್ಲ ಕೈಯಲ್ಲಿ ಏನಾದರೂ ಇರುತ್ತಿತ್ತು. ಒಂದು ಸಲ ಹೊಸ ಹೆಸರುಕಾಳು, ಒಂದು ಸಲ ಅವ್ವನ ಮೊಣಕಾಲಿಗೆ ಎಣ್ಣೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವವರಲ್ಲ ಅವರು.

ದಸರೆಗೆ ಎರಡು ವಾರ ಮೊದಲಿನ ಭಾನುವಾರ ನಾನು ಮಾಳಿಗೆಯ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಕೆಳಗೆ ಕಾರು ಹೋದ ಸದ್ದಾಯಿತು. ಕಾಕಾ ಬಂದಿದ್ದರು, ಅಣ್ಣತಮ್ಮ ಕೂಡಿ ಎಲ್ಲೋ ಹೊರಟಿರಬೇಕು ಅಂದುಕೊಂಡೆ. ಮಧ್ಯಾಹ್ನ ಊಟಕ್ಕೆ ಇಳಿದು ಬಂದಾಗ ಅಂಗಳದಲ್ಲಿ ನಿಂತ ಕಾರು ನನ್ನದಲ್ಲ ಎನಿಸಿತು. ಸಣ್ಣ ಹುಡುಗಿ ಅವ್ವನ ಚಪ್ಪಲಿ ಮೆಟ್ಟಿ ನಿಂತ ಹಾಗೆ ಕಾಣುತ್ತಿತ್ತು.

ಕಾಕಾ ಆ ವರ್ಷ ಒಂದು ಎತ್ತರದ ದೊಡ್ಡ ಗಾಡಿ ಕೊಂಡಿದ್ದರು. ಅದಕ್ಕೆ ಇನ್ನೂ ಚಂದದ ಗಾಲಿ ಹಾಕಿಸಿ, ಕಂಪನಿಯಿಂದ ಬಂದ ಅಲಾಯ್ ಗಾಲಿಗಳನ್ನು ಟೈರ್ ಸಮೇತ ಬಿಚ್ಚಿ ಇಟ್ಟಿದ್ದರು. ಅವನ್ನೇ ಗೋಕುಲ ರಸ್ತೆಯ ಒಂದು ಅಂಗಡಿಯಲ್ಲಿ ನಮ್ಮ ಕಾರಿಗೆ ಹಾಕಿಸಿಕೊಂಡು ಬಂದಿದ್ದರು. ನಮ್ಮವು ಹದಿನಾಲ್ಕು ಇಂಚಿನವು, ಇವು ಹದಿನಾರು. ಅಗಲವೂ ಹೆಚ್ಚು.

"ನಿನ್ನ ಗಾಡಿ ಹೊಟ್ಟಿ ರೋಡ್ ಹಂಪ್ಸಿಗೆ ತಾಗತೈತಿ ಅಂತಿದ್ದೆಲ್ಲ, ಇನ್ನ ತಾಗಂಗಿಲ್ಲ ನೋಡು," ಎಂದರು ಕಾಕಾ. "ಕಂಪನಿ ಒಂದ. ನಾಕು ತೂತಿಗೆ ನಾಕು ತೂತು ಕರೆಕ್ಟ್ ಕೂತಾವ."

ಈ ಕಾರಿಗೆ ಈ ಅಳತೆ ಆಗುತ್ತದೆಯೋ ಇಲ್ಲವೋ ಎಂದು ಯಾರನ್ನಾದರೂ ಕೇಳಿದಿರೇನು, ಹಳೆಯ ಗಾಲಿಗಳು ಎಲ್ಲಿವೆ ಎಂದು ನಾನು ವಿಚಾರಿಸಿದೆ. ಹಳೆಯವನ್ನು ತಮ್ಮ ಗೋದಾಮಿಗೆ ಕಳಿಸಿದ್ದಾಗಿ ಕಾಕಾ ಹೇಳಿದರು. ಮೊದಲನೆಯ ಪ್ರಶ್ನೆಗೆ ಅಪ್ಪನ ಕಡೆ ತಿರುಗಿ, "ನೋಡಣ್ಣಾ, ಕಾಲೇಜಿನ ಬಾಯಾರು ನಮಗ ಪರೀಕ್ಷಾ ಇಟ್ಟಾರ. ನಾ ಮೊದಲ ಎಸ್ಸೆಲ್ಸಿ ಎರಡು ಸಲ ಕುಂತಾಂವ," ಎಂದರು.

ಅಪ್ಪ ನಕ್ಕರು. ಹೊಟ್ಟೆ ಅಲುಗುವಂತೆ ನಕ್ಕರು. ತಮ್ಮನ ಮಾತಿಗೆ ಅವರು ಹಾಗೆ ನಕ್ಕಿದ್ದನ್ನು ನೋಡಿ ನಾಲ್ಕು ವರ್ಷದ ಮೇಲಾಗಿತ್ತು. ಕೇಳುವುದನ್ನು ಅಲ್ಲಿಗೇ ಬಿಟ್ಟೆ. ಛಲೋ ಅದಾವರಿ ಕಾಕಾ, ಎಂದೆ. ನನ್ನ ಮೊದಲ ತಪ್ಪು ಅದು.

ಸೋಮವಾರ ಕಾಲೇಜು ಮುಟ್ಟಿ ಮೀಟರ್ ನೋಡಿದೆ. ನಮ್ಮ ಗೇಟಿನಿಂದ ಕಾಲೇಜಿನ ಪಾರ್ಕಿಂಗಿಗೆ ಇಪ್ಪತ್ಮೂರು ಪಾಯಿಂಟ್ ನಾಲ್ಕು ಕಿಲೋಮೀಟರ್. ಐದು ವರ್ಷದಿಂದ ಅಷ್ಟೇ. ಅಂದು ಇಪ್ಪತ್ತೊಂದು ಪಾಯಿಂಟ್ ಆರು ತೋರಿಸಿತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಮನೆಗೆ ಬಂದು ಟೇಪು ಹಿಡಿದು ಅಳೆದೆ. ಡಿಕ್ಕಿಯಲ್ಲಿದ್ದ ಹಳೆಯ ಸ್ಟೆಪ್ನಿಯ ಎತ್ತರ ಅರವತ್ತು ಸೆಂಟಿಮೀಟರ್, ಹೊಸ ಗಾಲಿಯದು ಅರವತ್ತೈದು. ಲೆಕ್ಕ ಸರಿಯಾಗಿ ಕೂಡಿತು. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಿಲ್ಲ, ಅದು ಸುತ್ತು ಮಾತ್ರ ಎಣಿಸುತ್ತದೆ. ಅಂದರೆ ಮೀಟರು ಅರವತ್ತು ಎಂದಾಗ ನಾನು ಅರವತ್ತೈದರಲ್ಲಿ ಹೋಗುತ್ತಿದ್ದೇನೆ.

ಇದನ್ನು ಅಪ್ಪನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಅಂದ್ರ ಧಾರವಾಡ ಎರಡು ಕಿಲೋಮೀಟರ್ ಸನೇಕ ಬಂತಂತಾತು," ಎಂದರು. ಅವ್ವ ಒಳಗಿನಿಂದ, ಹಾಗಾದರೆ ಇನ್ನು ಮೇಲೆ ಹತ್ತು ನಿಮಿಷ ತಡವಾಗಿ ಹೊರಟರೂ ನಡೆಯುತ್ತದೆ, ಡಬ್ಬಿಗೆ ರೊಟ್ಟಿ ಬಿಸಿಯಾಗಿ ಕಟ್ಟುತ್ತೇನೆ ಎಂದಳು. ಕಾಕಾಗೆ ಫೋನಿನಲ್ಲಿ ಹೇಳಿದರೆ, ಹಳೆಯ ಗಾಡಿಯ ಮೀಟರ್ ಕೆಟ್ಟಿರುತ್ತದೆ ಎಂದು ನನ್ನ ಕಾರಿನ ಮೇಲೆಯೇ ತಪ್ಪು ಹೊರಿಸಿದರು.

ಆ ವಾರವೇ ಅವ್ವನನ್ನೂ ಓಣಿಯ ಇಬ್ಬರು ಹೆಂಗಸರನ್ನೂ ಒಬ್ಬ ಬಸುರಿಯ ಕುಬಸದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದೆ. ಮೊಣಕಾಲು ನೋವಿನ ಅವ್ವ ಯಾವಾಗಲೂ ಮುಂದೆ. ಅವರಿಬ್ಬರು ಹಿಂದೆ. ಮನೆಯ ತಿರುವಿನ ತಗ್ಗು ಇಳಿದ ಕೂಡಲೇ ಹಿಂದಿನಿಂದ ಜರ್ ಎಂದು ಸದ್ದು ಬಂತು. ಪ್ರತಿ ತಗ್ಗಿಗೂ ಬಂತು. ಅವರನ್ನು ಇಳಿಸಿ ಒಬ್ಬಳೇ ಬರುವಾಗ ಇಲ್ಲವೇ ಇಲ್ಲ.

ಮರುದಿನ ಗೋಕುಲ ರಸ್ತೆಯ ಆ ಅಂಗಡಿಗೆ ಹೋದೆ. ಗಾಲಿ ಹಾಕಿದ ಮಿಸ್ತ್ರಿ ಸುತ್ತಲೂ ಬಗ್ಗಿ ನೋಡಿ, ಟೈರಿಗೂ ಅದರ ಮೇಲಿನ ತಗಡಿನ ಅಂಚಿಗೂ ನಡುವೆ ತನ್ನ ಎರಡು ಬೆರಳು ತೂರಿಸಿ ತೋರಿಸಿದ. "ಎಲ್ಲಿ ಹತ್ತತೈತ್ರಿ ಅಕ್ಕಾರ? ಎರಡು ಬೆರಳು ಸಂದಿ ಐತಿ ನೋಡ್ರಿ."

ಹಿಂದೆ ಮಂದಿ ಕೂತಾಗ ಕಾರು ಕೆಳಗಿಳಿಯುತ್ತದೆ, ಆಗ ಹತ್ತುತ್ತದೆ ಎಂದು ನಾನು ವಿವರಿಸಿದೆ.

ಅವನು ಸ್ವಲ್ಪ ಯೋಚಿಸಿದ. "ಹಂಗಾರ ಹಿಂದ ಮಂದಿನ್ನ ಕುಂಡ್ರಸಬ್ಯಾಡ್ರಿ," ಎಂದ.

ತಮಾಷೆಗೆ ಹೇಳಿದ್ದಲ್ಲ. ನನ್ನ ಮುಖ ನೋಡಿ, ತಗಡಿನ ಅಂಚನ್ನು ಬಡಿದು ಒಳಗೆ ಮಡಚಬಹುದು, ಆದರೆ ಬಣ್ಣ ಹೋಗುತ್ತದೆ, ತುಕ್ಕು ಹಿಡಿಯುತ್ತದೆ ಎಂದ. ಕೊನೆಗೆ ದನಿ ತಗ್ಗಿಸಿ, ಈ ಗಾಲಿ ಈ ಗಾಡಿಗೆ ಸರಿಯಲ್ಲ ಎಂದು ತನಗೂ ಅನಿಸಿತ್ತು, ಆದರೆ ಸಾವಕಾರರು ಇಷ್ಟು ಹೌಸಿನಿಂದ, ಆಸೆಪಟ್ಟು ತಂದಿದ್ದಾರೆ, ಹಿರಿಯರ ಮುಂದೆ ಹೇಗೆ ಬೇಡ ಅನ್ನುವುದು ಎಂದು ಸುಮ್ಮನಾದೆ ಎಂದ. ಹಳೆಯ ಗಾಲಿ ತಂದರೆ ಅರ್ಧ ತಾಸಿನಲ್ಲಿ ಬದಲಾಯಿಸಿ ಕೊಡುತ್ತೇನೆ ಎಂದೂ ಹೇಳಿದ. ಸುಮ್ಮನಾದವರ ಸಾಲಿನಲ್ಲಿ ಹೀಗೆ ಇನ್ನೊಬ್ಬ ಸೇರಿದ.

ಹಳೆಯ ಗಾಲಿ ತರಿಸಿ ಎಂದು ಅಪ್ಪನಿಗೆ ಹೇಳಿದೆ. ಇವತ್ತು ಬೇಡ, ನಾಳೆ ಬೇಡ, ತಮ್ಮ ಊರಲ್ಲಿಲ್ಲ, ತಮ್ಮ ಈಗಷ್ಟೇ ಬಂದಿದ್ದಾನೆ ಎಂದು ದಿನ ಹೋದವು. ಕೊನೆಗೆ ಒಂದು ಸಂಜೆ ಅವರೇ ನನ್ನ ಕೋಣೆಗೆ ಬಂದು ಬಾಗಿಲ ಹತ್ತಿರ ನಿಂತರು. "ಅಂವಾ ಗಾಲಿ ಕೊಟ್ಟಿಲ್ಲವಾ ಲೀಲಾ. ಅಂವಾ ಏನು ಕೊಟ್ಟಾನ ಅನ್ನೋದು ನಿನಗ ತಿಳಿತೈತಿ. ಬಿಚ್ಚಿ ಹೆಂಗ ವಾಪಸ್ ಕಳಸಲಿ?" ಎಂದರು.

ತಿಳಿಯುತ್ತಿತ್ತು. ಸಿಟ್ಟು ಬರುತ್ತಿದ್ದುದೂ ಅದಕ್ಕೇ. ಇಬ್ಬರು ದೊಡ್ಡ ಮನುಷ್ಯರು ತಮ್ಮ ನಡುವಿನ ಒಂದು ಮಾತನ್ನು ಆಡಲಾರದೆ ಅದನ್ನು ತಂದು ನಾನು ದಿನಾ ಓಡಿಸುವ ಕಾರಿಗೆ ಬೋಲ್ಟ್ ಹಾಕಿ ಬಿಗಿದಿದ್ದರು.

ಹೀಗೆ ಖಂಡೇನವಮಿ ಬಂತು. ಕಾರು ತೊಳೆಯುವಾಗ ಆ ಹೊಳೆಯುವ ಪಟ್ಟಿ ಕಂಡಿತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು. ಮೊದಲು ಪೂಜೆ ಆಗಲಿ, ಆಮೇಲೆ ನೋಡೋಣ ಎಂದರು.

ಪೂಜೆಗೆ ಕಾಕಾ ಬಂದರು. ಅಂಗಡಿಯ ತಕ್ಕಡಿ, ಗಾಡಿಗಳ ಪೂಜೆ ಮುಗಿಸಿಕೊಂಡು, ಹೊಸ ಧೋತರ ಉಟ್ಟು ಬಂದಿದ್ದರು. ಅಪ್ಪ ತಟ್ಟೆಯನ್ನು ಅವರ ಕೈಗೆ ಕೊಡಲು ಹೋದರು. ಕಾಕಾ ಕೈ ಹಿಂದೆ ಕಟ್ಟಿಕೊಂಡರು. "ನೀ ಮಾಡಣ್ಣಾ. ದೊಡ್ಡಾಂವ ನೀ ಇರೂ ಮುಂದ ನಾ ಹೆಂಗ ಮಾಡ್ಲಿ?" ಎಂದರು.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಒಂದೊಂದು ಗಾಲಿಯ ಮುಂದೆಯೂ ಕುಕ್ಕರಗಾಲಿನಲ್ಲಿ ಕುಳಿತು, ಮೂರು ಬೆರಳಿನಿಂದ ವಿಭೂತಿ ಎಳೆದು, ಹೂ ಇಟ್ಟರು. ಎಡಗಡೆಯ ಹಿಂದಿನ ಗಾಲಿಗೆ ಬಂದಾಗ ನನ್ನ ಕಡೆ ನೋಡಲಿಲ್ಲ.

ಪೂಜೆಯಾದ ಮೇಲೆ ಪಟ್ಟಿಯ ವಿಷಯ ಮತ್ತೆ ತೆಗೆದೆ. ಪೂಜೆಯಾದ ಗಾಲಿಯನ್ನು ಬಿಚ್ಚಬಾರದು, ದೀಪಾವಳಿ ಪಾಡ್ಯ ಕಳೆಯಲಿ ಎಂದರು ಅಪ್ಪ. ಬೆಳಿಗ್ಗೆ ಪೂಜೆ ಆಗಿರಲಿಲ್ಲವೆಂದು ಬಿಚ್ಚುವ ಹಾಗಿರಲಿಲ್ಲ, ಮಧ್ಯಾಹ್ನ ಪೂಜೆ ಆಗಿದೆಯೆಂದು ಬಿಚ್ಚುವ ಹಾಗಿರಲಿಲ್ಲ. ಮಾಳಿಗೆ ಹತ್ತಿ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ದಸರಾ. ಧಾರವಾಡದಲ್ಲಿ ಅಪ್ಪನ ಅಕ್ಕ, ನಮ್ಮ ದೊಡ್ಡ ಅತ್ಯಾ ಇದ್ದಾರೆ. ಎಂಬತ್ತು ದಾಟಿದ್ದಾರೆ. ಸಂಜೆ ಅವರಿಗೆ ಬನ್ನಿ ಎಲೆ ಕೊಡಲು ಹೋಗುವುದು ರೂಢಿ. ನಾಲ್ಕು ವರ್ಷ ತಮ್ಮಂದಿರಿಬ್ಬರೂ ಬೇರೆ ಬೇರೆ ಹೊತ್ತಿಗೆ ಹೋಗಿ ಬನ್ನಿ ಕೊಟ್ಟು ಬಂದಿದ್ದರು. ಈ ಸಲ ಅತ್ಯಾ ಫೋನು ಮಾಡಿ, ಇಬ್ಬರೂ ಕೂಡಿ ಬಂದರೆ ಮಾತ್ರ ಬಾಗಿಲು ತೆಗೆಯುತ್ತೇನೆ ಎಂದು ಹೇಳಿಬಿಟ್ಟಿದ್ದರು.

ಕಾಕಾರ ದೊಡ್ಡ ಗಾಡಿಯಲ್ಲಿಯೇ ಹೋಗೋಣ ಎಂದು ನಾನು ಬೆಳಿಗ್ಗೆಯೇ ಹೇಳಿದೆ. ಕಾಕಾ ಒಪ್ಪಲಿಲ್ಲ. ಅಣ್ಣ ಪೂಜೆ ಮಾಡಿದ ಗಾಡಿಯಲ್ಲಿಯೇ ಹೋಗಬೇಕು ಎಂದು ತಮ್ಮ ಗಾಡಿಯನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ ಬಂದರು. ಅವ್ವ ಮುಂದೆ ಕುಳಿತಳು. ಅಪ್ಪ, ಕಾಕಾ ಹಿಂದೆ. ಇಬ್ಬರೂ ಅಜ್ಜನ ಮೈಕಟ್ಟಿನವರು, ಹಗುರವಾದವರಲ್ಲ. ಕಾಕಾ ಹತ್ತಿ ಕೂತಾಗ ಕಾರಿನ ಹಿಂಭಾಗ ನಿಟ್ಟುಸಿರು ಬಿಟ್ಟ ಹಾಗೆ ಕೆಳಗಿಳಿದದ್ದು ನನಗೆ ಸೀಟಿನಲ್ಲಿಯೇ ತಿಳಿಯಿತು.

ವಿದ್ಯಾನಗರ ದಾಟುವ ಮೊದಲೇ ಸದ್ದು ಶುರುವಾಯಿತು. ಜರ್, ಜರ್. ನಾನು ಕನ್ನಡಿಯಲ್ಲಿ ಹಿಂದಿನವರ ಮುಖ ನೋಡಿದೆ. ಅಪ್ಪ ಎಡಗಿಟಕಿಯ ಹೊರಗೆ ನೋಡುತ್ತಿದ್ದರು. ಕಾಕಾ ಬಲಗಿಟಕಿಯ ಹೊರಗೆ.

"ರಸ್ತಾ ಕೆಟ್ಟಾವ ಬಿಡು," ಎಂದರು ಕಾಕಾ.

"ಹೌದು ತಮ್ಮಾ, ರಸ್ತಾನ ಹಂಗ ಅದಾವ," ಎಂದರು ಅಪ್ಪ.

ರಸ್ತೆ ಆ ಭಾಗದಲ್ಲಿ ಚೆನ್ನಾಗಿಯೇ ಇತ್ತು. ಉಣಕಲ್ ದಾಟುವಾಗ ಅವ್ವ ಮೂಗು ಎಳೆದಳು. ಏನೋ ಸುಟ್ಟ ವಾಸನೆ ಬರುತ್ತಿದೆ ಎಂದಳು. ಅದು ಹೊರಗಿನದು, ವೈನಿ, ಗ್ಲಾಸ್ ಏರಿಸಿರಿ ಎಂದರು ಕಾಕಾ. ಅವ್ವ ಏರಿಸಿದಳು. ವಾಸನೆ ಹೆಚ್ಚಾಯಿತು.

ನಾನು ಎಡಕ್ಕೆ ತೆಗೆದುಕೊಂಡು ಕಾರು ನಿಲ್ಲಿಸಿದೆ. ನೋಡಿ ಬರುತ್ತೇನೆ, ಇಳಿಯಬೇಡಿ ಎಂದೆ. ಆದರೆ ಹೆಣ್ಣುಮಗಳು ಒಬ್ಬಳೇ ರಸ್ತೆಯ ಮೇಲೆ ಬಗ್ಗಿ ನೋಡುವುದೆಂದರೇನು ಎಂದು ಇಬ್ಬರೂ ನನಗಿಂತ ಮೊದಲು ಇಳಿದರು. ಇಳಿದ ಕೂಡಲೇ ಕಾರು ಮೇಲೆದ್ದಿತು. ಕಾಕಾ ಬಗ್ಗಿ ಟೈರಿನ ಮೇಲಿನ ಸಂದಿಯಲ್ಲಿ ಬೆರಳು ತೂರಿಸಿ, ಎಲ್ಲಿಯೂ ಹತ್ತುತ್ತಿಲ್ಲ ನೋಡು ಎಂದರು. ಇಳಿದರೆ ತೊಂದರೆ ಕಾಣುವುದಿಲ್ಲ; ಕೂತರೆ ನೋಡಲು ಹೊರಗೆ ಯಾರೂ ಇರುವುದಿಲ್ಲ. ಹಾಗಾದರೆ ನೀವು ಹತ್ತಿ ಕುಳಿತುಕೊಳ್ಳಿ, ನಾನೊಬ್ಬಳೇ ನೋಡುತ್ತೇನೆ ಎಂದೆ. ಅಪ್ಪ ಗಡಿಯಾರ ನೋಡಿಕೊಂಡರು. "ಅಕ್ಕ ದಾರಿ ಕಾಯಾಕತ್ತಿರ್ತಾಳವಾ. ನೀ ಸ್ವಲ್ಪ ಸಾವಕಾಶ ಹೊಡಿ. ಬ್ರೇಕ್ ಭಾಳ ಹಾಕ್ತಿ ನೀ, ಅದಕ್ಕ ವಾಸನಿ ಬರ್ತೈತಿ," ಎಂದರು.

ಐದು ವರ್ಷದಲ್ಲಿ ಅವರು ನನ್ನ ಡ್ರೈವಿಂಗಿನಲ್ಲಿ ತಪ್ಪು ಹಿಡಿದದ್ದು ಅದೇ ಮೊದಲು. ನನಗೆ ವಿಪರೀತ ಸಿಟ್ಟು ಬಂತು. ಅಲ್ಲಿಯೇ ಕೀಲಿ ತೆಗೆದು ಕೈಯಲ್ಲಿ ಹಿಡಿದು, ನಾನು ಓಡಿಸುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಹತ್ತಿ ಕೂತೆ. ಈ ಇಡೀ ವಿಷಯದಲ್ಲಿ ನಾನು ಇವತ್ತಿಗೂ ಕ್ಷಮಿಸದಿರುವುದು ನನ್ನ ಆ ಒಂದು ಕೆಲಸವನ್ನು.

ನವನಗರ ದಾಟಿ ರಾಯಾಪುರದ ಹತ್ತಿರ ಇದ್ದೆವು. ಮೀಟರು ಐವತ್ತು ತೋರಿಸುತ್ತಿತ್ತು, ಅಂದರೆ ಐವತ್ನಾಲ್ಕು. ಹಿಂದೆ ಪಟಾಕಿ ಹಾರಿದ ಹಾಗೆ ಢಂ ಎಂದಿತು. ಕಾರಿನ ಹಿಂಭಾಗ ಎಡಕ್ಕೆ ಕುಸಿದು, ಬಾಲ ಬೀಸಿದ ಹಾಗೆ ಒಮ್ಮೆ ಅತ್ತ ಒಮ್ಮೆ ಇತ್ತ ಎಳೆಯಿತು. ಬಲಗಡೆ, ರಸ್ತೆಯ ನಡುವೆ ಬಸ್ಸಿಗೆಂದೇ ಬಿಟ್ಟ ದಾರಿಯ ಕಬ್ಬಿಣದ ಕಟಾಂಜನ. ಹಿಂದೆ ಒಂದು ಲಾರಿ ಹಾರ್ನ್ ಬಿಡದೆ ಒತ್ತುತ್ತಿತ್ತು. ಬ್ರೇಕ್ ಮುಟ್ಟಬಾರದು ಎನ್ನುವುದು ಒಂದೇ ನನ್ನ ತಲೆಯಲ್ಲಿತ್ತು. ಅವ್ವ ನನ್ನ ಎಡಗೈಯನ್ನು ಹಿಡಿದುಕೊಂಡಳು. ಕೈ ಬಿಡು ಅಂದೆ. ನನ್ನ ದನಿ ಹೇಗಿತ್ತೋ, ತಟ್ಟನೆ ಬಿಟ್ಟಳು. ಸ್ಟಿಯರಿಂಗನ್ನು ನೇರ ಹಿಡಿದು, ಕಾಲು ತೆಗೆದು, ಕಾರನ್ನು ಅದರ ಪಾಡಿಗೆ ನಿಧಾನವಾಗಲು ಬಿಟ್ಟೆ. ಲಾರಿ ನನ್ನ ಕಿಟಕಿಯಿಂದ ಒಂದು ಮೊಳದ ಅಂತರದಲ್ಲಿ ಹಾದು ಹೋಯಿತು. ಅದರ ಗಾಳಿಗೆ ಕಾರು ಅಲುಗಿತು. ಕೊನೆಗೆ ಎಡಗಡೆಯ ಮಣ್ಣಿನಲ್ಲಿ ಉಜ್ಜುತ್ತ ನಿಂತೆವು.

ಇಂಜಿನ್ ಬಂದ್ ಮಾಡಿದೆ.

ಎಲ್ಲರೂ ಇಳಿದೆವು. ಎಡಗಡೆಯ ಹಿಂದಿನ ಟೈರು ಗೇಣುದ್ದ ಸೀಳಿ ಬಾಯಿ ತೆರೆದಿತ್ತು, ಸರಿಯಾಗಿ ಆ ಪಟ್ಟಿಯ ಗುಂಟ. ಗಾಲಿಯ ಮೇಲೆ ಅಪ್ಪ ಎಳೆದ ವಿಭೂತಿ ಇನ್ನೂ ಇತ್ತು. ತಗಡಿನ ಅಂಚು ಬೆಳ್ಳಗೆ ಹೊಳೆಯುತ್ತಿತ್ತು.

ಕಾಕಾರ ಕೈಯಲ್ಲಿ ಬನ್ನಿ ಎಲೆಯ ಕವರು ಇತ್ತು. ಅವರು ಅಪ್ಪನ ಕಡೆ ನೋಡದೆ ಹೇಳಿದರು: "ಸಪ್ಪಳ ನನಗೂ ಕೇಳಿಸಿತ್ತಣ್ಣಾ. ನೀ ಏನೂ ಅನ್ನಲಿಲ್ಲ, ಅದಕ್ಕ ನಾನೂ ಸುಮ್ನ ಇದ್ದೆ."

"ನನಗೂ ಕೇಳಿಸಿತ್ತು," ಎಂದರು ಅಪ್ಪ. "ನಿನಗ ಬ್ಯಾಸರ ಆದೀತಂತ ಸುಮ್ನ ಇದ್ದೆ."

ಅವ್ವ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಸಾಮಾನ್ಯವಾಗಿ ಅವಳು ಮೈದುನನ ಮುಂದೆ ಸೆರಗು ಸರಿಮಾಡಿಕೊಂಡು ಮಾತಾಡುವವಳು. "ನೀವಿಬ್ರೂ ಮಾತು ಬಿಟ್ಟಿದ್ದ ಛಲೋ ಇತ್ತ ಬಿಡ್ರಿ," ಎಂದಳು. "ಆವಾಗ ನಮ್ಮ ಜೀವಕ್ಕರ ಧಕ್ಕಿ ಇದ್ದಿದ್ದಿಲ್ಲ."

ನಾನು ಡಿಕ್ಕಿ ತೆಗೆದು ಜಾಕ್ ಹೊರಗಿಟ್ಟೆ. ಕಾಕಾ ಧೋತರದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ಇಬ್ಬರೂ ಕೂಡಿ ಸ್ಟೆಪ್ನಿ ಹಾಕಿದೆವು. ಅದು ನಮ್ಮ ಹಳೆಯ ಸಣ್ಣ ಗಾಲಿ. ಮೂರು ದೊಡ್ಡದು, ಒಂದು ಸಣ್ಣದು. ಕಾರು ಒಂದು ಮೂಲೆ ಕುಂಟುತ್ತ ನಿಂತಿತ್ತು. ಕೆಲಸ ಮುಗಿದಾಗ ಕಾಕಾ ರೂಢಿಯಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದರು. ನಾನು ಆ ಬಾಗಿಲನ್ನು ಒತ್ತಿ ಮುಚ್ಚಿದೆ.

"ನೀವಿಬ್ರೂ ಬಸ್ಸಿಗೆ ಹೋಗ್ರಿ ಕಾಕಾ. ಅತ್ಯಾಗ ಬನ್ನಿ ಕೊಟ್ಟು ಬರ್ರಿ. ನಾ ಅವ್ವನ್ನ ಕರಕೊಂಡು ಮನಿಗೆ ಹೋಗ್ತೀನಿ," ಎಂದೆ. ಸ್ವಲ್ಪ ತಡೆದು, ಆಗಲೇ ಹೇಳಿಬಿಡಬೇಕೆಂದು ಹೇಳಿದೆ: "ನಾಳೆ ಈ ಗಾಲಿ ಬಿಚ್ಚಸ್ತೀನ್ರಿ. ಪೂಜಿ ಆಗಿರ್ಲಿ, ಏನರ ಆಗಿರ್ಲಿ."

ಇಬ್ಬರೂ ರಸ್ತೆ ದಾಟಿ ಬಸ್ ನಿಲ್ದಾಣದ ಕಡೆ ನಡೆದರು. ಅಪ್ಪ ಮುಂದೆ, ಕಾಕಾ ನಾಲ್ಕು ಹೆಜ್ಜೆ ಹಿಂದೆ, ಕವರು ಎದೆಗೆ ಒತ್ತಿಕೊಂಡು. ನಾನು ಇಪ್ಪತ್ತರ ವೇಗದಲ್ಲಿ ಮನೆಗೆ ಬಂದೆ. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಅವ್ವ ಒಬ್ಬೊಬ್ಬರಿಗೂ ಕಿಟಕಿಯಿಂದ ಕೈ ತೋರಿಸಿ, ಮುಂದೆ ಹೋಗಪ್ಪಾ, ನಿನಗೇನು ಅವಸರ ಐತಿ ನೀ ಹೋಗು ಎನ್ನುತ್ತಿದ್ದಳು.

ಅತ್ಯಾಗೆ ಬನ್ನಿ ಕೊಟ್ಟು ಅಪ್ಪ ಮನೆಗೆ ಬಂದದ್ದು ರಾತ್ರಿ ಒಂಬತ್ತು ಗಂಟೆಗೆ, ಒಬ್ಬರೇ. ಕಾಕಾ ತಮ್ಮ ಗಾಡಿಯನ್ನು ತೆಗೆದುಕೊಳ್ಳಲೂ ಬರದೆ ನವನಗರದಲ್ಲಿಯೇ ಇಳಿದು ಅಮರಗೋಳದ ತಮ್ಮ ಮನೆಗೆ ಹೋಗಿದ್ದರು. ಬಸ್ಸಿನಲ್ಲಿ ಅಕ್ಕನ ಬಗ್ಗೆ ಬಿಟ್ಟು ಬೇರೆ ಮಾತಾಗಲಿಲ್ಲವಂತೆ. ಊಟಕ್ಕೆ ಕೂತಾಗ ಅಪ್ಪ ರೊಟ್ಟಿಯನ್ನು ಮುರಿದು ಮುರಿದು ಹಾಗೆಯೇ ಬಿಟ್ಟರು. ತಮ್ಮ ಮತ್ತೆ ಮಾತು ಬಿಡುತ್ತಾನೋ ಏನೋ ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದು ವರ್ಷವಾಯಿತು. ಬೇರೆಯವರಿಗೆ ನೋವಾಗುತ್ತದೆ ಎಂದು ನಾವು ಹೇಳದೆ ಬಿಡುವ ಮಾತುಗಳನ್ನೆಲ್ಲ ಒಳ್ಳೆಯ ನಡತೆ ಎಂದೇ ನನಗೆ ಕಲಿಸಿದ್ದರು; ನಾನೂ ಹಾಗೆಯೇ ನಂಬಿದ್ದೆ. ಅಂದು ಆ ಕಾರಿನಲ್ಲಿ ನಾಲ್ವರಿಗೂ ಸದ್ದು ಕೇಳುತ್ತಿತ್ತು. ಈಗಲೂ ಮಾತಾಡದೆ ಸುಮ್ಮನಿರುವುದೇ ನನಗೆ ಸುಲಭ. ಆದರೆ ಸುಮ್ಮನಿದ್ದಾಗಲೆಲ್ಲ ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬರುತ್ತದೆ.

ಆ ದಸರೆಯ ಮರುದಿನ ಬೆಳಿಗ್ಗೆ ಆರೂವರೆಗೆ, ಮನೆಯವರಿಗೆ ಚಹಾ ಕೂಡ ಮಾಡಿಡದೆ ಹೊರಟೆ. ಬಸ್ ಹಿಡಿದು ನವನಗರದಲ್ಲಿ ಇಳಿದು, ಅಮರಗೋಳಕ್ಕೆ ನಡೆದುಕೊಂಡು ಹೋದೆ. ಕಾಕಾ ಪೂಜೆಯಲ್ಲಿದ್ದರು. ಪಡಸಾಲೆಯಲ್ಲಿ ಕಾದು ಕೂತೆ. ಹೊರಗೆ ಬಂದು ನನ್ನನ್ನು ನೋಡಿದವರು ಮೊದಲು ಕೇಳಿದ್ದು, "ಅಣ್ಣ ಬ್ಯಾಸರ ಮಾಡಿಕೊಂಡಾನೇನು?" ಎಂದು.

ನೀವು ಬೇಸರ ಮಾಡಿಕೊಂಡಿರೇನೋ ಎಂದು ಅವರು ರಾತ್ರಿ ಊಟ ಬಿಟ್ಟಿದ್ದಾರೆ ಎಂದೆ. ಕಾಕಾ ನೆಲ ನೋಡುತ್ತ ನಿಂತರು. ಅದೇ ಹೊತ್ತು ಎಂದುಕೊಂಡು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಹೇಳಿದೆ.

"ಅಪ್ಪಗ ಗಾಲಿ ಬ್ಯಾಡ್ರಿ ಕಾಕಾ. ಈ ದೀಪಾವಳಿಗೆ ಅಂಗಡಿ ಪೂಜಿಗೆ ಅವರು ಬರೂತನ ಕಾದು ಕುಂಡ್ರಿ. ಎಷ್ಟ ತಡಾ ಆದ್ರೂ ಕಾಯ್ರಿ. ಅಷ್ಟ ಸಾಕು."

ಅವರು ಗೋಡೆಯ ಮೊಳೆಗೆ ತೂಗು ಹಾಕಿದ್ದ ಗೋದಾಮಿನ ಕೀಲಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ನಾನು ಹಿಂದೆ ಹೋದೆ. ಗೋದಾಮಿನ ಮೂಲೆಯಲ್ಲಿ ನಮ್ಮ ಹಳೆಯ ಗಾಲಿಗಳು ಗೋಡೆಗೆ ಒರಗಿ ನಿಂತಿದ್ದವು. ಕಾಕಾ ಫೋನು ಮಾಡಿ ಕರೆಸಿದ ಸಾಮಾನು ಸಾಗಿಸುವ ರಿಕ್ಷಾ ಬಾಗಿಲಿಗೆ ಬಂದು ನಿಂತಿತು. ಕೈಗೆ ಧೂಳು ಹತ್ತುತ್ತದೆ, ಬಿಡು ಎಂದು ಕಾಕಾ ಹೇಳುವಷ್ಟರಲ್ಲಿ ನಾನು ಮೊದಲನೆಯ ಗಾಲಿಯನ್ನು ಉರುಳಿಸಿಕೊಂಡು ಹೊರಟಿದ್ದೆ.